ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ಒಡೆಯುತ್ತೆ

ಗಾಜಿನ ಲೋಟಕ್ಕೆ ಬಿಸಿ ಕಷಾಯ ಹೊಯ್ದ ಕೂಡ್ಲೆ ಟಕ್ ಅಂತ ಸೀಳು ಬಿಟ್ರೆ ನಮ್ಮ ಕಡೆ ಎಲ್ರೂ ಹೇಳೋ ಮಾತು ಒಂದೇ, ಬಿಸಿ ತಡೀಲಿಲ್ಲ ಅಂತ. ಆದ್ರೆ ಯೋಚ್ನೆ ಮಾಡಿ ನೋಡಿ, ಆ ಗಾಜು ಹುಟ್ಟಿದ್ದೇ 1500 ಡಿಗ್ರಿ ಹತ್ತಿರದ ಕುಲುಮೆಯಲ್ಲಿ, 90 ಡಿಗ್ರಿ ಕಷಾಯ ಅದಕ್ಕೆ ಯಾವ ಲೆಕ್ಕ? ಒಡೆದಿದ್ದು ಬಿಸಿಯಿಂದ ಅಲ್ಲ. ಒಳಗಿನ ಮೈ ಬಿಸಿಯಾಗಿ ಹಿಗ್ಗೋಕೆ ಹೊರಡ್ತು, ಹೊರಗಿನ ಮೈಗೆ ಇನ್ನೂ ಬಿಸಿ ಮುಟ್ಟಿರಲಿಲ್ಲ, ಅದು ಇದ್ದಲ್ಲೇ ಇತ್ತು, ಒಳಗಿನದು ಹಿಗ್ತಾ ಹೊರಗಿನದನ್ನ ಎಳೀತು, ಅಷ್ಟೇ. ಗಾಜಿಗೆ ಎಳೆತ ಅಂದ್ರೆ ಆಗಲ್ಲ. ಅದನ್ನ ಎಷ್ಟು ಬೇಕಾದ್ರೂ ಒತ್ತಿ, ತಡ್ಕೊಳ್ಳುತ್ತೆ, ಸ್ವಲ್ಪ ಎಳೆದ್ರೆ ಹೋಯ್ತು. ಇನಾಮಲ್ ತಟ್ಟೆ, ಉಪ್ಪಿನಕಾಯಿ ಜಾಡಿ, ಕರೆಂಟ್ ಕಂಬದ ಮೇಲಿನ ಪಿಂಗಾಣಿ, ಕಾರಿನ ಕಿಟಕಿ, ಇವೆಲ್ಲದರ ಬದುಕೂ ಈ ಒಂದು ವಿಷಯದ ಮೇಲೆ ನಿಂತಿದೆ: ಮೇಲಿನ ಪದರ ಒತ್ತಡದಲ್ಲಿ ಇದ್ಯೋ ಎಳೆತದಲ್ಲಿ ಇದ್ಯೋ. ಇದರ ಜೊತೆಗೆ ಇನ್ನೊಂದು ಸೇರುತ್ತೆ, ನೀರು. ಅದಂತೂ ಮಲೆನಾಡಲ್ಲಿ ಕೇಳೋದೇ ಬೇಡ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಇದು ಗೊತ್ತಾದ್ರೆ ಮುಂದಿನದೆಲ್ಲ ಸಲೀಸು. ನಮ್ಮ ಲೋಟ, ಬಾಟಲಿ, ಕಿಟಕಿ ಎಲ್ಲ ಸೋಡಾ ಲೈಮ್ ಗಾಜು, ಅಂದ್ರೆ ಮರಳಿನ ಸಿಲಿಕಾ 70ರಿಂದ 74 ಪರ್ಸೆಂಟ್, ಸೋಡಾ 13-15, ಸುಣ್ಣದ ಅಂಶ 10ರ ಆಸುಪಾಸು, ಉಳಿದಿದ್ದು ಚೂರುಪಾರು. ಬರೀ ಸಿಲಿಕಾ ಕರಗಿಸ್ಬೇಕು ಅಂದ್ರೆ 1700 ಡಿಗ್ರಿ ಬೇಕು, ಸೋಡಾ ಹಾಕಿದ್ರೆ ಕಮ್ಮಿ ಬಿಸಿಗೇ ಕರಗುತ್ತೆ, ಆದ್ರೆ ಸೋಡಾ ಸಿಲಿಕಾ ಎರಡೇ ಇದ್ರೆ ಅದು ನೀರಲ್ಲಿ ಕರಗಿಹೋಗುತ್ತೆ, ಹಾಗಾಗಿ ಸುಣ್ಣ ಸೇರಿಸಿ ಗಟ್ಟಿ ಮಾಡ್ತಾರೆ. ಈ ಗಾಜು ಒಂದು ಡಿಗ್ರಿ ಬಿಸಿಯಾದ್ರೆ ಒಂದು ಮೀಟರಿಗೆ ಸುಮಾರು 9 ಮೈಕ್ರಾನ್ ಹಿಗ್ಗುತ್ತೆ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಕೇಳೋಕೆ ಏನೂ ಅಲ್ಲ. ಆದ್ರೆ ಹಿಗ್ಗೋಕೆ ಬಿಡದೆ ಹಿಡ್ಕೊಂಡ್ರೆ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೂ ಸುಮಾರು 0.8 ಮೆಗಾಪ್ಯಾಸ್ಕಲ್ ಬಲ ಏಳುತ್ತೆ (ಒಂದು ಮೆಗಾಪ್ಯಾಸ್ಕಲ್ ಅಂದ್ರೆ ಒಂದು ಚದರ ಮಿಲಿಮೀಟರ್ ಜಾಗದ ಮೇಲೆ ಸುಮಾರು 100 ಗ್ರಾಂ ತೂಕ ಬಿದ್ದ ಹಾಗೆ). ಕಾದ ಗಾಜಿನ ಮೇಲೆ ಅದಕ್ಕಿಂತ 60 ಡಿಗ್ರಿ ತಣ್ಣಗಿರೋ ನೀರು ಬಿದ್ರೆ ಹತ್ರ ಹತ್ರ 50 ಮೆಗಾಪ್ಯಾಸ್ಕಲ್ ಎಳೆತ ಆಯ್ತು, ದಿನಾ ತಿಕ್ಕಿ ತೊಳೆದ ಲೋಟ ತಡ್ಕೊಳ್ಳೋದೂ ಹೆಚ್ಚುಕಮ್ಮಿ ಅಷ್ಟೇ.

ಇಲ್ಲೊಂದು ಆಶ್ಚರ್ಯ ಇದೆ. ಗಾಜಿನ ಒಳಗೆ ಸಿಲಿಕಾನ್ ಆಮ್ಲಜನಕ ಕೈಕೈ ಹಿಡ್ಕೊಂಡಿರೋ ಬಲದ ಲೆಕ್ಕ ಹಾಕಿದ್ರೆ ಅದು 10,000 ಮೆಗಾಪ್ಯಾಸ್ಕಲ್‌ಗೂ ಮೇಲೆ ತಡೀಬೇಕು, ಉಕ್ಕನ್ನೂ ಮೀರಿಸ್ಬೇಕು. ನಿಜದಲ್ಲಿ ಅದರ ನೂರರಲ್ಲಿ ಒಂದು ಪಾಲೂ ತಡೆಯಲ್ಲ. ಯಾಕೆ ಅಂತ ಹೇಳಿದ್ದು ಎ. ಎ. ಗ್ರಿಫಿತ್, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನದ ಕೆಲಸ ಮಾಡ್ತಿದ್ದ ಇಂಜಿನಿಯರ್, 1921ರಲ್ಲಿ ಅವರ ಲೇಖನ ಬಂತು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕು ಇರ್ತವೆ, ಎಳೆದಾಗ ಬಲ ಪೂರ್ತಿ ಹೋಗಿ ಆ ಬಿರುಕಿನ ತುದಿಯಲ್ಲೇ ಕೂರುತ್ತೆ. ಬಟ್ಟೆ ಅಂಗಡಿಯವ್ರು ಅಂಚಿಗೆ ಒಂದು ಚೂರು ಕತ್ತರಿ ತಾಗಿಸಿ ಆಮೇಲೆ ಪರ್ರ್ ಅಂತ ಹರೀತಾರಲ್ಲ, ಅದೇ ಕಥೆ. ಒತ್ತಿದಾಗ ಬಿರುಕಿನ ಬಾಯಿ ಮುಚ್ಚುತ್ತೆ, ಎಳೆದಾಗ ತೆರೆಯುತ್ತೆ. ಗ್ರಿಫಿತ್ ಗಾಜನ್ನ ಕೂದಲಿಗಿಂತ ತೆಳ್ಳಗೆ ಎಳೆ ತೆಗೆದು ನೋಡಿದಾಗ ಶಕ್ತಿ ಹತ್ತಾರು ಪಟ್ಟು ಏರಿತ್ತು, ಅಷ್ಟು ಸಣ್ಣ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇರಲ್ಲ.

ಹಂಗಾಗಿ ಹೊಸ ಲೋಟ ಬಿಸಿ ತಡೆಯುತ್ತೆ, ಹಳೇದು ತಡೆಯಲ್ಲ. ಒಲೆ ಬೂದಿಯಲ್ಲಿ ಗಾಜು ತಿಕ್ಕೋ ಅಭ್ಯಾಸ ಇನ್ನೂ ಎಷ್ಟೋ ಮನೇಲಿ ಇದೆ, ಬೂದಿ ಮೆತ್ತಗಿದ್ರೂ ಅದರಲ್ಲಿ ಸೇರಿರೋ ಮರಳಿನ ಹರಳು ಗಾಜಿಗಿಂತ ಗಟ್ಟಿ, ಮೋಹ್ಸ್ ಅಳತೆಯಲ್ಲಿ ಗಾಜು ಐದೂವರೆ ಹತ್ರ, ಮರಳು ಏಳು, ಒಂದೊಂದು ತಿಕ್ಕಿಗೂ ಒಂದೊಂದು ಗೀರು. ಸ್ಟೀಲ್ ಚಮಚ ಹಾಕಿ ಗಿರಗಿರ ತಿರುಗ್ಸೋದೂ ಅಷ್ಟೇ, ತಳದಲ್ಲಿ ಗೀರು ಬೀಳುತ್ತೆ. ದಪ್ಪ ತಳದ ಲೋಟ ಗಟ್ಟಿ ಅಂತ ತಗೊಳ್ಳೋರು ಇದನ್ನ ಗಮನಿಸಿ, ಬಿದ್ದಾಗ ತಡೆಯೋಕೆ ಅದು ಸರಿ, ಬಿಸಿಗೆ ಅದೇ ಮೊದಲು ಹೋಗೋದು, ಯಾಕಂದ್ರೆ ದಪ್ಪ ಜಾಸ್ತಿ ಆದಷ್ಟೂ ಒಳಮೈ ಹೊರಮೈ ನಡುವೆ ವ್ಯತ್ಯಾಸ ಜಾಸ್ತಿ ಹೊತ್ತು ಉಳಿಯುತ್ತೆ. ಹೋಟ್ಲಲ್ಲಿ ಕಾಫಿ ಕೊಡೋ ಸಣ್ಣ ತೆಳು ಗ್ಲಾಸು ದಿನಕ್ಕೆ ಎಷ್ಟು ಸಲ ಬಿಸಿ ಕಂಡ್ರೂ ಜಗ್ಗಲ್ಲ ನೋಡಿ.

ಬಿಸಿ ಹೊಯ್ಯೋದಕ್ಕಿಂತ ಕಾದ ಗಾಜಿಗೆ ತಣ್ಣೀರು ಬೀಳೋದು ಇನ್ನೂ ಕೆಟ್ಟದ್ದು, ಯಾಕಂದ್ರೆ ಆಗ ಎಳೆತ ಪೂರ್ತಿ ಮೇಲ್ಮೈಯಲ್ಲೇ, ಗೀರು ಇರೋ ಜಾಗದಲ್ಲೇ ಬೀಳುತ್ತೆ. ಇದನ್ನ ನೋಡ್ಬೇಕು ಅಂದ್ರೆ ನಮ್ಮ ಹಳೇ ಮನೆಗಳ ಮಾಡಿನಲ್ಲಿ ಬೆಳಕಿಗೆ ಅಂತ ಹಾಕಿರೋ ಗಾಜಿನ ಹೆಂಚು ನೋಡಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದಿರುತ್ತೆ, ಸಂಜೆ ಮೋಡ ಕಟ್ಟಿ ಬೇಸಿಗೆ ಮೊದಲ ಮಳೆ ದಪದಪ ಹೊಯ್ಯುತ್ತೆ, ಮಾರನೆ ದಿನ ನೋಡಿದ್ರೆ ಅಂಚಿಂದ ಒಂದು ಬಿರುಕು. ಅಂಚಿಂದಲೇ ಯಾಕೆ ಅಂದ್ರೆ ಪಕ್ಕದ ಮಣ್ಣಿನ ಹೆಂಚಿನ ಅಡಿಗೆ ಸೇರಿರೋ ಭಾಗಕ್ಕೆ ಬಿಸಿಲು ತಾಗಲ್ಲ, ನಡುಭಾಗ ಹಿಗ್ಗಿರುತ್ತೆ, ನೆರಳಲ್ಲಿರೋ ಅಂಚು ದಿನವಿಡೀ ಎಳೆತ ಅನುಭವಿಸ್ತಾ ಇರುತ್ತೆ, ಅಲ್ಲೇ ಎಲ್ಲೋ ಅಂಚಿನಲ್ಲಿ ಚಕ್ಕೆ ಎದ್ದಿದ್ರೆ ಬಿರುಕು ಅಲ್ಲಿಂದ ಶುರು. ಆ ಬಿರುಕು ಅಂಚಿಗೆ ನೇರ ಲಂಬವಾಗಿ ಹೊರಟು ಆಮೇಲೆ ಸೊಟ್ಟ ತಿರುಗುತ್ತೆ. ಕಲ್ಲು ಬಿದ್ದು ಒಡೆದಿದ್ರೆ ಹಾಗಿರಲ್ಲ, ಬಿದ್ದ ಜಾಗದಿಂದ ನಾಲ್ಕೂ ಕಡೆ ಚದುರಿರುತ್ತೆ. ಮಂಗ ಕಲ್ಲು ಹಾಕ್ತು, ತೆಂಗಿನಕಾಯಿ ಬಿತ್ತು ಅಂತ ವಾದ ಆದಾಗ ಹೆಂಚು ಇಳಿಸಿ ನೋಡಿದ್ರೆ ಗೊತ್ತಾಗುತ್ತೆ.

ಮಳೆ ಗಾಜು ಒಡೆಯೋ ತೊಂದರೆಯಿಂದಲೇ ಬೋರೋಸಿಲಿಕೇಟ್ ಗಾಜು ಅಡುಗೆಮನೆಗೆ ಬಂದಿದ್ದು, ಇದು ನಂಗೆ ತುಂಬಾ ಇಷ್ಟದ ಕಥೆ. ಬೋರಾನ್ ಹಾಕಿದ ಗಾಜು ಮೊದಲು ಮಾಡಿದ್ದು ಜರ್ಮನಿಯ ಯೇನಾದಲ್ಲಿ ಆಟೋ ಶಾಟ್, 19ನೇ ಶತಮಾನದ ಕೊನೆಗೆ. ಅಮೆರಿಕಾದಲ್ಲಿ ರೈಲ್ವೆ ಸಿಗ್ನಲ್ ಲಾಟೀನುಗಳ ಗಾಜು ಒಳಗಿನ ದೀಪಕ್ಕೆ ಕಾದು, ಹೊರಗಿನ ಮಳೆ ಹಿಮಕ್ಕೆ ಸೀಳಿ ಹೋಗ್ತಿತ್ತು, ಸಿಗ್ನಲ್ ದೀಪ ಆರಿದ್ರೆ ಜನರ ಜೀವಕ್ಕೇ ಅಪಾಯ. ಕಾರ್ನಿಂಗ್ ಕಂಪನಿಯವ್ರು ಅದಕ್ಕೆ ಕಮ್ಮಿ ಹಿಗ್ಗೋ ಗಾಜು ಮಾಡಿದ್ರು. 1913ರಲ್ಲಿ ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್ಟನ್ ಅವರ ಹೆಂಡತಿ ಬೆಸ್ಸಿ ಅದೇ ಗಾಜಿನ ಬ್ಯಾಟರಿ ಜಾರ್‌ನ ತಳ ಕೊಯ್ದಿದ್ದರಲ್ಲಿ ಕೇಕ್ ಬೇಯಿಸಿದ್ರು, ಒಡೀಲಿಲ್ಲ, 1915ಕ್ಕೆ ಪೈರೆಕ್ಸ್ ಹೆಸರಲ್ಲಿ ಮಾರಾಟಕ್ಕೆ ಬಂತು. ಅದು ಒಂದು ಡಿಗ್ರಿಗೆ ಒಂದು ಮೀಟರಿಗೆ ಹಿಗ್ಗೋದು 3.3 ಮೈಕ್ರಾನ್, ಮಾಮೂಲಿ ಗಾಜಿನ ಮೂರನೇ ಒಂದು ಪಾಲು. ಅಂದ್ರೆ ಮೂರು ಪಟ್ಟು ಬಿಸಿ ವ್ಯತ್ಯಾಸಕ್ಕೆ ಅದೇ ಎಳೆತ. ಅದು ಬೇರೆ ಗಾಜಿಗಿಂತ ಗಟ್ಟಿ ಏನಲ್ಲ, ಕೈಜಾರಿ ಬಿದ್ರೆ ಅದೂ ಪುಡಿನೇ. ನಮ್ಮಲ್ಲಿ ಮಳೆಗಾಲದಲ್ಲಿ ಕೊಟ್ಟಿಗೆಗೆ ಲಾಟೀನು ಹಿಡ್ಕೊಂಡು ಹೋಗ್ತಿದ್ದ ಕಾಲದಲ್ಲಿ ಮಾಡಿನ ಹನಿ ತಾಗಿ ಲಾಟೀನ್ ಗ್ಲಾಸು ಸೀಳೋದು ಮಾಮೂಲಾಗಿತ್ತು, ಅಮೆರಿಕಾದ ರೈಲ್ವೆಯವ್ರಿಗೂ ಸೊರಬದ ರೈತರಿಗೂ ಒಂದೇ ತೊಂದರೆ.

ಈಗ ಗಾಜು ಕೊಯ್ಯೋ ವಿಷಯ. ಶಿವಮೊಗ್ಗದ ಗಾಂಧಿಬಜಾರ್ ಕಡೆ ಗ್ಲಾಸ್ ಪ್ಲೈವುಡ್ ಅಂಗಡಿಗೆ ಹೋದಾಗ ನಾನು ಬೇಕಂತಲೇ ನಿಂತು ನೋಡ್ತೀನಿ. ಕೆಲಸದವ್ರು ಮೇಜಿನ ಮೇಲೆ ಹಾಸಿದ ಹಳೇ ಕಂಬಳಿ ಮೇಲೆ ಹಾಳೆ ಮಲಗಿಸ್ತಾರೆ, ಅಂಗೈಯಿಂದ ಧೂಳು ಒರೆಸ್ತಾರೆ, ಮರದ ಪಟ್ಟಿ ಇಡ್ತಾರೆ, ಕಟ್ಟರ್‌ನ ಸಣ್ಣ ಚಕ್ರ ಸೀಮೆಎಣ್ಣೆಗೆ ಅದ್ದಿ ಆ ತುದಿಯಿಂದ ಈ ತುದಿಗೆ ಒಂದೇ ಎಳೆತ. ಚರ್ರ್ ಅಂತ ಒಂದೇ ಸಮ ಸದ್ದು ಬರಬೇಕು, ನಡುವೆ ಸದ್ದು ತಪ್ಪಿದ್ರೆ ಗೀರು ತಪ್ಪಿದೆ ಅಂತ ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತೆ. ಅದೇ ಗೀರಿನ ಮೇಲೆ ಎರಡನೇ ಸಲ ಯಾವತ್ತೂ ಎಳೆಯಲ್ಲ. ಗೀರು ಬಿದ್ದ ತಕ್ಷಣ ಹಾಳೆನ ಮೇಜಿನ ಅಂಚಿಗೆ ತಂದು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಒಂದು ಸಣ್ಣ ಒತ್ತು, ಕಡ್ ಅಂತ ನೇರವಾಗಿ ಎರಡು ಭಾಗ. ಒಂದ್ಸಲ ಕೇಳ್ದೆ, ಯಾಕಣ್ಣ ಇಷ್ಟು ಅವಸರ, ಗೀರು ಹಾಕಿ ಆಮೇಲೆ ಮುರಿಯಬಹುದಲ್ಲ ಅಂತ. "ಬಿಟ್ರೆ ಆರಿ ಹೋಗ್ತದೆ, ಆಮೇಲೆ ಮುರಿದ್ರೆ ಎಲ್ಲೆಲ್ಲೋ ಹೋಗ್ತದೆ" ಅಂದ್ರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಚಕ್ರ ಹಾಯ್ದಾಗ ಮೇಲೆ ಕಾಣೋ ಬಿಳಿ ಗೀರು ಮುಖ್ಯ ಅಲ್ಲ, ಅದರ ಅಡಿಯಲ್ಲಿ ನೇರ ಕೆಳಗೆ ಇಳಿದಿರೋ ಬಿರುಕು ಮುಖ್ಯ. ಆ ಕ್ಷಣದಲ್ಲಿ ಗೀರಿನ ಕೆಳಗೆ ಬಲ ತುಂಬಿಕೊಂಡು ಬಿರುಕಿನ ಬಾಯಿ ತೆರೆದಿರುತ್ತೆ. ಹೊತ್ತು ಹೋದಂಗೆ ಪಕ್ಕಕ್ಕೂ ಸಣ್ಣ ಸಣ್ಣ ಬಿರುಕು ಹೊರಟು ಆ ಬಲ ಸಡಿಲ ಆಗುತ್ತೆ. ಎರಡನೇ ಸಲ ಎಳೆದ್ರೂ ಹಾಗೇ, ಅಡ್ಡ ಚಕ್ಕೆ ಎದ್ದು ನೇರ ಬಿರುಕಿನ ದಾರಿ ಕೆಡುತ್ತೆ. ಸೀಮೆಎಣ್ಣೆ ಹಚ್ಚೋದು ಚಕ್ರ ನುಣ್ಣಗೆ ಓಡ್ಲಿ, ಪುಡಿ ಸಿಕ್ಕಿಕೊಳ್ಳದೆ ಇರ್ಲಿ ಅಂತ.

ನೀರಿನ ಕೆಲಸ ಇದಕ್ಕಿಂತ ಸೂಕ್ಷ್ಮ. ಎಳೆತದಲ್ಲಿರೋ ಬಿರುಕಿನ ತುದಿಗೆ ನೀರಿನ ಒಂದು ಅಣು ಹೋಯ್ತು ಅಂದ್ರೆ, ಅಲ್ಲಿ ಹಿಗ್ಗಿ ನಿಂತಿರೋ ಸಿಲಿಕಾನ್ ಆಮ್ಲಜನಕದ ಕೊಂಡಿಯನ್ನ ಅದು ಬಿಡಿಸಿಬಿಡುತ್ತೆ, ಬಿರುಕು ಒಂದು ಹೆಜ್ಜೆ ಮುಂದೆ, ಆಮೇಲೆ ಇನ್ನೊಂದು ಅಣು, ಇನ್ನೊಂದು ಹೆಜ್ಜೆ. ಅದಕ್ಕೇ ಗಾಜಿನ ಮೇಲೆ ಒಂದು ಕ್ಷಣ ಭಾರ ಹಾಕೋದಕ್ಕೂ ತಿಂಗಳುಗಟ್ಟಲೆ ಭಾರ ಬಿಡೋದಕ್ಕೂ ಅಷ್ಟು ವ್ಯತ್ಯಾಸ, ಗಾಳಿಯ ಒಂದು ಬೀಸನ್ನ ತಡೆಯೋ ಹಾಳೆ ವರ್ಷಗಟ್ಟಲೆ ಹೊರಬೇಕಾದ ಭಾರದಲ್ಲಿ ಅದರ ಅರ್ಧಾನೂ ತಡೆಯಲ್ಲ. ಒಣ ಹವೆಯಲ್ಲಿ ಈ ಕೆಲಸ ನಿಧಾನ, ಒದ್ದೆ ಹವೆಯಲ್ಲಿ ಬೇಗ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಗಾಳಿ ಅಂತ ಒಂದು ಇರೋದೇ ಇಲ್ಲ. ಯಾರೂ ಮುಟ್ಟದೆ ತಾನಾಗೇ ಶೋಕೇಸಿನ ಗಾಜಿನ ಹಲಗೆ ನಡುರಾತ್ರಿ ಒಡೀತು ಅಂತ ಜನ ಹೆದರ್ತಾರೆ, ದೃಷ್ಟಿ ಅಂತಾರೆ, ಪಾಪ. ಹಲಗೆ ಮೇಲೆ ಹಿತ್ತಾಳೆ ಪಾತ್ರೆ ಭಾರ ಇತ್ತು, ಅಡಿಯಲ್ಲಿ ಗೀರು ಇತ್ತು, ನೀರು ಸುಮ್ಮನೆ ಅದರ ಕೆಲಸ ಮಾಡ್ತಿತ್ತು.

ಇದಕ್ಕೆಲ್ಲ ಮದ್ದು ಅಂದ್ರೆ ಮೇಲ್ಮೈಯನ್ನ ಮೊದಲೇ ಒತ್ತಿ ಇಡೋದು. ಟಫನ್ಡ್ ಗ್ಲಾಸ್ ಅಂತೀವಲ್ಲ, ಅದನ್ನ 620-650 ಡಿಗ್ರಿಗೆ ಕಾಯ್ಸಿ ಎರಡೂ ಕಡೆಯಿಂದ ಜೋರು ಗಾಳಿ ಊದಿ ತಣಿಸ್ತಾರೆ. ಹೊರಮೈ ಮೊದಲು ಗಟ್ಟಿ ಆಗುತ್ತೆ, ಒಳಗಿನದು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನ ಒಳಕ್ಕೆ ಎಳ್ಕೊಳ್ಳುತ್ತೆ, ಹೊರಮೈ ಶಾಶ್ವತವಾಗಿ ಸುಮಾರು 70 ಮೆಗಾಪ್ಯಾಸ್ಕಲ್‌ಗೂ ಮೇಲಿನ ಒತ್ತಡದಲ್ಲಿ ಸಿಕ್ಕಿಕೊಳ್ಳುತ್ತೆ. ಈಗ ಬಿರುಕು ತೆರೀಬೇಕು ಅಂದ್ರೆ ಮೊದಲು ಆ ಒತ್ತಡ ತೀರಿಸ್ಬೇಕು, ಹಾಗಾಗಿ ನಾಲ್ಕೈದು ಪಟ್ಟು ಶಕ್ತಿ. ಆದ್ರೆ ಒಳಗೆ ಅದನ್ನ ಸರಿತೂಗಿಸೋ ಎಳೆತ ಕೂತಿರುತ್ತೆ, ಬಿರುಕು ಒಮ್ಮೆ ಅಲ್ಲಿಗೆ ತಲುಪಿದ್ರೆ ಇಡೀ ಹಾಳೆ ಕಲ್ಲುಸಕ್ಕರೆ ಗಾತ್ರದ ಚೂರಾಗಿ ಸುರಿಯುತ್ತೆ. ಅದನ್ನ ಆಮೇಲೆ ಕೊಯ್ಯೋಕೂ ಆಗಲ್ಲ, ತೂತು ಕೊರೆಯೋಕೂ ಆಗಲ್ಲ, ಅಳತೆ ಕೊಟ್ಟು ಮಾಡಿಸಿದ ಮೇಲೆ ಮುಗೀತು. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಕಾರಿನ ಹಿಂದಿನ ಗಾಜು ನೋಡಿದ್ರೆ ಸಾಲು ಸಾಲು ಮಚ್ಚೆ ಕಾಣುತ್ತಲ್ಲ, ಅವು ಆ ಗಾಳಿ ಊದಿದ ಕೊಳವೆಗಳ ಗುರುತು, ಎಲ್ಲಿ ಒತ್ತಡ ಹೆಚ್ಚು ಎಲ್ಲಿ ಕಮ್ಮಿ ಅನ್ನೋದು ಬೆಳಕಲ್ಲಿ ಹಾಗೆ ಕಾಣುತ್ತೆ. ಮೊಬೈಲ್ ಗಾಜಿಗೆ ಗಾಳಿ ಊದಲ್ಲ, ಕರಗಿದ ಪೊಟ್ಯಾಷಿಯಂ ಉಪ್ಪಲ್ಲಿ ಮುಳುಗಿಸ್ತಾರೆ, ಮೈಮೇಲಿನ ಸಣ್ಣ ಸೋಡಿಯಂ ಹೋಗಿ ಆ ಜಾಗಕ್ಕೆ ದಪ್ಪ ಪೊಟ್ಯಾಷಿಯಂ ತುರುಕಿಕೊಳ್ಳುತ್ತೆ, ಅಲ್ಲೂ ಒತ್ತಡವೇ.

ಗ್ಯಾಸ್ ಸ್ಟೌವ್ ಮೇಲಿನ ಗಾಜು, ಬಾತ್‌ರೂಮ್ ಬಾಗಿಲು ಸುಮ್ಮನಿದ್ದಾಗ ಪಟಾಕಿ ಹಾಗೆ ಸಿಡಿಯೋದು ಕೇಳಿರ್ತೀರಿ. ಬಹಳ ಸಲ ಅಂಚಿಗೆ ಆದ ಪೆಟ್ಟು ಕಾರಣ, ಆದ್ರೆ ಕೆಲವು ಸಲ ಗಾಜಿನ ಒಳಗೇ ನಿಕ್ಕಲ್ ಸಲ್ಫೈಡ್‌ನ ಸಣ್ಣ ಹರಳು ಇರುತ್ತೆ, ದಿಢೀರ್ ತಣಿಸುವಾಗ ಅದು ಬಿಸಿಯಲ್ಲಿದ್ದ ರೂಪದಲ್ಲೇ ಸಿಕ್ಕಿಬಿದ್ದು, ಆಮೇಲೆ ತಿಂಗಳುಗಳಲ್ಲಿ, ವರ್ಷಗಳಲ್ಲಿ ತಣ್ಣನೆ ರೂಪಕ್ಕೆ ತಿರುಗಿ ಸ್ವಲ್ಪ ಉಬ್ಬುತ್ತೆ, ಸರಿಯಾಗಿ ಆ ಎಳೆತದ ಜಾಗದಲ್ಲಿದ್ರೆ ಮುಗೀತು. ದೊಡ್ಡ ಕಟ್ಟಡಗಳಿಗೆ ಹಾಕೋ ಮುಂಚೆ ಇದಕ್ಕೆ ಅಂತಲೇ ಗಾಜನ್ನ ಮತ್ತೆ ಕಾಯಿಸಿ, ಒಡೆಯೋದು ಅಲ್ಲೇ ಒಡೀಲಿ ಅಂತ ಪರೀಕ್ಷೆ ಮಾಡ್ತಾರೆ.

ಜಾಡಿಗೆ ಬರೋಣ, ಇದರ ಬಗ್ಗೆ ನಂಗೆ ಹೇಳೋದು ಜಾಸ್ತಿ ಇದೆ. ಅಪ್ಪೆಮಿಡಿ ಹಾಕೋ ಮನೆಯಲ್ಲಿ ಜಾಡಿ ಅಂದ್ರೆ ಮನೆಯ ಹಿರಿಯರ ಲೆಕ್ಕ, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಅತ್ತೆ ಜಾಡಿ ತಗೊಳ್ಳುವಾಗ ಬೆರಳ ಗಂಟಿನಿಂದ ತಟ್ಟಿ ಕಿವಿ ಕೊಡ್ತಾರೆ, ಠಣ್ ಅಂತ ಉದ್ದಕ್ಕೆ ಉಲಿದ್ರೆ ಸರಿ, ದಬ್ ಅಂದ್ರೆ ವಾಪಸ್. ಒಳಗೆ ಬಿರುಕು ಇದ್ರೆ ಅದರ ಎರಡು ಮುಖ ಒಂದಕ್ಕೊಂದು ಉಜ್ಜಿ ಸದ್ದನ್ನ ನುಂಗಿಬಿಡುತ್ತೆ, ಸರಿಯಾಗಿ ಬೇಯದ ಮಣ್ಣಾದ್ರೂ ಹಾಗೇ ಮಂಕು ಸದ್ದು. ನಾನು ಇದಕ್ಕೆ ಇನ್ನೊಂದು ಪರೀಕ್ಷೆ ಸೇರಿಸ್ತೀನಿ, ಜಾಡಿ ಬೋರಲು ಹಾಕಿ ತಳದಲ್ಲಿ ಗ್ಲೇಜ್, ಅಂದ್ರೆ ಹೊಳೆಯೋ ಲೇಪ, ಇಲ್ಲದ ಉಂಗುರ ಇರುತ್ತಲ್ಲ ಅಲ್ಲಿಗೆ ಒಂದು ಹನಿ ನೀರು ಬಿಡೋದು. ಹನಿ ಹಾಗೇ ಕೂತ್ರೆ ಒಳ್ಳೇದು, ಹೀರಿಕೊಂಡು ಕಪ್ಪಾದ್ರೆ ಆ ಜಾಡಿ ಉಪ್ಪಿನಕಾಯಿಗೆ ಬೇಡ.

ಯಾಕೆ ಅಂದ್ರೆ, 1000 ಡಿಗ್ರಿ ಆಸುಪಾಸಲ್ಲಿ ಸುಟ್ಟ ಮಣ್ಣು ಗಟ್ಟಿ ಆಗಿರುತ್ತೆ ಹೊರತು ಒಳಗೆಲ್ಲ ತೂತು ತೂತೇ ಇರುತ್ತೆ, 1200 ದಾಟಿ 1300ರ ಹತ್ರ ಹೋದಾಗ ಮಣ್ಣಿನೊಳಗಿನ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ತೂತುಗಳನ್ನ ತುಂಬುತ್ತೆ. ಸ್ಟೋನ್‌ವೇರ್ ಜಾಡಿ ಹೀಗೆ ಆಗಿದ್ದು. ಅಷ್ಟು ಬೇಯದ ಜಾಡಿಗೆ ಉಪ್ಪುನೀರು ಹಾಕಿದ್ರೆ ಅದು ಗೋಡೆಯೊಳಗೆ ನಿಧಾನ ಹರಿದು ಹೊರಗೆ ಒಣಗುತ್ತೆ, ಬಿಳಿ ಉಪ್ಪು ಹೂವಿನ ಹಾಗೆ ಏಳುತ್ತೆ, ಬರೀ ಮೇಲೆ ಎದ್ರೆ ಒರೆಸಬಹುದು, ಗ್ಲೇಜಿನ ಅಡಿಯಲ್ಲೇ ಹರಳುಗಟ್ಟಿದ್ರೆ ಗ್ಲೇಜನ್ನ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ. ಅದರ ಮೇಲೆ ಮಿಡಿಯೆಲ್ಲ ಮೆತ್ತಗಾಯ್ತು ಅಂತ ಬೇಜಾರು ಮಾಡ್ಕೊಳ್ಳೋದು ಬೇರೆ.

ಜಾಡಿ ಮೇಲೆ, ಹಳೇ ಕಪ್ಪು ಸಾಸರ್ ಮೇಲೆ ಕೂದಲೆಳೆಯಂಥ ಬಿರುಕಿನ ಬಲೆ ನೋಡಿರ್ತೀರಿ. ಗ್ಲೇಜ್ ಅಂದ್ರೂ ಗಾಜೇ, ಕೆಳಗಿನ ಮಣ್ಣಿನ ಮೈಗೆ ಅಂಟಿಕೊಂಡಿರೋ ತೆಳು ಗಾಜು. ಗೂಡಿಂದ ತಣೀತಾ ಬರುವಾಗ ಗ್ಲೇಜು ಮೈಗಿಂತ ಜಾಸ್ತಿ ಕುಗ್ಗಿದ್ರೆ ಎಳೆತಕ್ಕೆ ಸಿಕ್ಕಿ ಬಲೆ ಬಲೆಯಾಗಿ ಸೀಳುತ್ತೆ. ಮೈಗಿಂತ ಸ್ವಲ್ಪ ಕಮ್ಮಿ ಕುಗ್ಗಿದ್ರೆ ಒತ್ತಡದಲ್ಲಿ ಉಳಿಯುತ್ತೆ, ಪಾತ್ರೆ ಇನ್ನೂ ಗಟ್ಟಿ ಆಗುತ್ತೆ. ತೀರಾ ಕಮ್ಮಿ ಕುಗ್ಗಿದ್ರೆ ಅಂಚಿನಲ್ಲಿ ಸಿಪ್ಪೆಯಾಗಿ ಹಾರುತ್ತೆ. ಈ ಸ್ವಲ್ಪ ಅನ್ನೋದನ್ನ ಹಿಡಿಯೋದೇ ಕುಶಲತೆ, ಗ್ಲೇಜಲ್ಲಿ ಸೋಡಾ ಇಳಿಸಿ ಸಿಲಿಕಾ ಅಥವಾ ಬೋರಾನ್ ಏರಿಸಿದ್ರೆ ಕುಗ್ಗೋದು ಕಮ್ಮಿ ಆಗುತ್ತೆ. ಚೀನಾದ ಸಾಂಗ್ ಕಾಲದ ಗುವಾನ್ ಪಾತ್ರೆಗಳಲ್ಲಿ ಈ ಬಲೆಯನ್ನೇ ಅಂದ ಅಂತ ಬೇಕಂತ ಬರಿಸ್ತಿದ್ರು, ನೋಡೋಕೆ ಅದ್ಭುತ, ಉಪ್ಪಿನಕಾಯಿಗೆ ಅಲ್ಲ.

ಅಂಗಡಿಯಿಂದ ತಂದಾಗ ಒಂದು ಗೆರೆಯೂ ಇಲ್ಲದ ಪಿಂಗಾಣಿ ನಾಲ್ಕಾರು ವರ್ಷದ ಮೇಲೆ ಬಲೆ ಬಿಡೋದೂ ಉಂಟು, ಅದಕ್ಕೆ ಕಾರಣ ಮತ್ತೆ ನೀರೇ. ಕಮ್ಮಿ ಬೆಂದ ಮಣ್ಣು ಗಾಳಿಯ ತೇವವನ್ನ ಬರೀ ತೂತಲ್ಲಿ ಅಲ್ಲ, ತನ್ನ ರಚನೆಯೊಳಗೇ ಸೇರಿಸ್ಕೊಂಡು ವರ್ಷ ವರ್ಷ ಕಣ್ಣಿಗೆ ಕಾಣದಷ್ಟು ದೊಡ್ಡದಾಗ್ತಾ ಹೋಗುತ್ತೆ, ಮೇಲಿನ ಗ್ಲೇಜು ದೊಡ್ಡದಾಗಲ್ಲ, ಒತ್ತಡದಲ್ಲಿದ್ದದ್ದು ಮೆಲ್ಲಗೆ ಎಳೆತಕ್ಕೆ ತಿರುಗುತ್ತೆ. ಸುಟ್ಟ ಇಟ್ಟಿಗೆಯೂ ಹೀಗೇ ಬೆಳೆಯುತ್ತೆ, ಇದೇ ಲೆಕ್ಕದಿಂದ ಹಳೇ ಮಡಕೆ ಇಟ್ಟಿಗೆಗಳ ವಯಸ್ಸು ಕಂಡುಹಿಡಿಯೋ ದಾರಿಯನ್ನ ಮ್ಯಾಂಚೆಸ್ಟರಿನ ಮೊಯಿರಾ ವಿಲ್ಸನ್ ಮತ್ತು ಅವರ ಜೊತೆಯವ್ರು 2009ರಲ್ಲಿ ತೋರಿಸಿದ್ರು. ಒಂದು ಮಾತು ಖಂಡಿತ ನೆನಪಿಟ್ಕೊಳ್ಳಿ, ಹಳೇ ಕಾಲದ ಮಿರಿಮಿರಿ ಹೊಳಪಿನ, ಕಮ್ಮಿ ಬಿಸಿಗೆ ಸುಟ್ಟ ಬಣ್ಣದ ಪಾತ್ರೆಗಳ ಗ್ಲೇಜಲ್ಲಿ ಸೀಸ ಇರೋ ಸಾಧ್ಯತೆ ಇದೆ, ಹುಳಿ ಅದನ್ನ ಕರಗಿಸಿ ಊಟಕ್ಕೆ ಸೇರಿಸುತ್ತೆ. ಮೇಳದಲ್ಲಿ ಅಲಂಕಾರಕ್ಕೆ ಅಂತ ಮಾರೋ ಕುಡಿಕೆಗೆ ಉಪ್ಪಿನಕಾಯಿ, ಹುಣಸೆ ಗೊಜ್ಜು, ಮುರುಗಲು ಹುಳಿ ಯಾವುದೂ ಬೇಡ.

ಇನಾಮಲ್ ತಟ್ಟೆ ಅಂದ್ರೆ ನಾವು ಪಿಂಗಾಣಿ ತಟ್ಟೆ ಅಂತಲೇ ಕರೆಯೋ ನೀಲಿ ಅಂಚಿನ ಬಿಳಿ ತಟ್ಟೆ, ತೋಟದ ಕೆಲಸಕ್ಕೆ ಬಂದವ್ರಿಗೆ ಚಾ ಕೊಡೋ ಲೋಟ. ಅದು ಕಬ್ಬಿಣದ ತಗಡಿನ ಮೇಲೆ ಗಾಜು. ಗಾಜನ್ನ ಕರಗಿಸಿ ನೀರಿಗೆ ಸುರೀತಾರೆ, ಅದು ಚೂರುಚೂರಾಗುತ್ತೆ, ಮಣ್ಣು ನೀರು ಸೇರಿಸಿ ನುಣ್ಣಗೆ ಅರೆದು ತಗಡಿಗೆ ಬಳಿದು 800-850 ಡಿಗ್ರಿಯಲ್ಲಿ ಕೆಲವೇ ನಿಮಿಷ ಸುಡ್ತಾರೆ. ಮೊದಲ ಪದರದಲ್ಲಿ ಕೋಬಾಲ್ಟ್ ಇರುತ್ತೆ, ಗಾಜು ಕಬ್ಬಿಣವನ್ನ ಕಚ್ಚಿ ಹಿಡಿಯೋಕೆ ಅದು ನೆರವಾಗುತ್ತೆ, ಬಿಳಿ ಪದರ ಆಮೇಲಿಂದು. ಬಿಳಿ ಚಕ್ಕೆ ಹಾರಿದಾಗ ಅಡಿಯಲ್ಲಿ ಕಡುನೀಲಿ ಅಥವಾ ಕಪ್ಪು ಕಾಣೋದು ಅದೇ ಮೊದಲ ಪದರ. ಕಬ್ಬಿಣ ಒಂದು ಡಿಗ್ರಿಗೆ 12 ಮೈಕ್ರಾನ್ ಹತ್ರ ಕುಗ್ಗುತ್ತೆ, ಇನಾಮಲನ್ನ ಅದಕ್ಕಿಂತ ಸ್ವಲ್ಪ ಕಮ್ಮಿ ಕುಗ್ಗೋ ಹಾಗೆ ಮಾಡಿರ್ತಾರೆ, ಹಾಗಾಗಿ ತಣಿದ ಮೇಲೆ ಗಾಜು ಒತ್ತಡದಲ್ಲಿ. ನೆಲಕ್ಕೆ ಬಿದ್ರೂ ಚೂರಾಗದೆ ಇರೋದು ಅದಕ್ಕೇ. ಬಿದ್ದು ತಗಡು ನೆಗ್ಗಿದ್ರೆ ಮಾತ್ರ ಉಬ್ಬಿದ ಕಡೆ ಎಳೆತ ಬಂದು ಚಕ್ಕೆ ಹಾರುತ್ತೆ. ಚಕ್ಕೆ ಹಾರಿದ ಜಾಗಕ್ಕೆ ಹುಳಿ ತಾಗಿದ್ರೆ ತುಕ್ಕು ಗಾಜಿನ ಅಡಿಗೇ ನುಗ್ಗಿ ಮತ್ತಷ್ಟು ಎಬ್ಬಿಸುತ್ತೆ, ಅಂಥ ತಟ್ಟೆ ಊಟಕ್ಕಿಂತ ಹೂ ಕೊಯ್ಯೋಕೆ ಇಟ್ಕೊಳ್ಳೋದು ವಾಸಿ.

ಇನಾಮಲ್ ಮಾಡೋರಿಗೆ ತೇವ ಅಂದ್ರೆ ಭಯ. ಸುಡುವಾಗ ಗೂಡಿನ ಗಾಳಿಯಲ್ಲಿ, ಬಳಿದ ಪದರದಲ್ಲಿ ಇರೋ ನೀರು ಕೆಂಪಗೆ ಕಾದ ಕಬ್ಬಿಣದ ಜೊತೆ ಸೇರಿ ಹೈಡ್ರೋಜನ್ ಬಿಡುತ್ತೆ, ಕಾದ ಕಬ್ಬಿಣ ಅದನ್ನ ಹೀರಿಕೊಳ್ಳುತ್ತೆ, ತಣಿದಾಗ ಇಟ್ಕೊಳ್ಳೋಕೆ ಆಗದೆ ಹೊರಗೆ ಬಿಡುತ್ತೆ. ಮೇಲೆ ಗಾಜು ಮುಚ್ಚಿದೆ, ಹೋಗೋಕೆ ದಾರಿ ಇಲ್ಲ. ಒತ್ತಡ ಏರಿ ಏರಿ ಕೆಲವು ಸಲ ತಾಸುಗಳ ಮೇಲೆ, ಕೆಲವು ಸಲ ದಿನಗಳ ಮೇಲೆ, ಪ್ಯಾಕ್ ಮಾಡಿಟ್ಟ ಪಾತ್ರೆಯಿಂದ ಮೀನಿನ ಪೊರೆ ಆಕಾರದ ಅರ್ಧಚಂದ್ರ ಚಕ್ಕೆಗಳು ಪಟ್ ಪಟ್ ಅಂತ ಹಾರ್ತವೆ. ಅದಕ್ಕೆ ಅಂತಲೇ ಹೈಡ್ರೋಜನ್ ಅಡಗಿಕೊಳ್ಳೋಕೆ ಒಳಗೇ ಸಣ್ಣ ಸಣ್ಣ ಜಾಗ ಇರೋ ವಿಶೇಷ ತಗಡು ಮಾಡ್ತಾರೆ. ಈಗ ಮನೆಮನೆಗೆ ಬಂದಿರೋ ಗ್ಲಾಸ್ ಲೈನ್ಡ್ ಗೀಸರ್ ಒಳಗಿರೋದೂ ಇದೇ ಇನಾಮಲ್, ಎಲ್ಲೋ ಒಂದು ಸೂಜಿಮೊನೆ ತೂತು ಉಳಿದೇ ಇರುತ್ತೆ ಅಂತ ಜೊತೆಗೆ ಒಂದು ಮೆಗ್ನೀಷಿಯಂ ಕಡ್ಡಿ ಹಾಕಿರ್ತಾರೆ, ಟ್ಯಾಂಕಿನ ಬದಲು ಅದು ಸವೆಯುತ್ತೆ. ಸರ್ವೀಸಿಗೆ ಬಂದವ್ರಿಗೆ ಆ ಕಡ್ಡಿ ಬಿಚ್ಚಿ ತೋರಿಸಿ ಅಂತ ಕೇಳಿ.

ಮಂಗಳೂರು ಹೆಂಚಿಗೆ ಗ್ಲೇಜೂ ಇಲ್ಲ ಒತ್ತಡವೂ ಇಲ್ಲ, ಅದರದ್ದು ಬೇರೆ ದಾರಿ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮನೆಗಳ ಮೇಲೆ ಕೂತಿತು. ಅದು ತನ್ನ ತೂಕದ ಹತ್ತು ಹದಿನೈದು ಪರ್ಸೆಂಟ್ ನೀರು ಕುಡಿಯುತ್ತೆ, ಕುಡಿದದ್ದನ್ನ ಬಿಸಿಲು ಬಿದ್ದಾಗ ಬಿಟ್ಟು ಮನೆ ತಂಪು ಮಾಡುತ್ತೆ. ಚಳಿದೇಶಗಳಲ್ಲಿ ಹೀಗೆ ನೀರು ಕುಡಿದ ಹೆಂಚು ಹಿಮಗಟ್ಟಿ ಸಿಡಿಯುತ್ತೆ, ನೀರು ಮಂಜುಗಡ್ಡೆ ಆಗುವಾಗ 9 ಪರ್ಸೆಂಟ್ ಹಿಗ್ಗುತ್ತಲ್ಲ. ನಮ್ಮಲ್ಲಿ ಆ ಕಾಟ ಇಲ್ಲ, ಇರೋದು ಪಾಚಿ ಮಾತ್ರ.

ಹಳೇ ಬಂಗ್ಲೆಗಳ ಕಿಟಕಿ ಗಾಜು ಕೆಳಗೆ ದಪ್ಪ ಇದೆ, ಗಾಜು ನಿಜವಾಗಿ ದ್ರವ, ನಿಧಾನ ಹರಿದು ಇಳಿದಿದೆ ಅಂತ ಕಾಲೇಜಲ್ಲೂ ಹೇಳಿಕೊಟ್ಟಿರ್ತಾರೆ. ಅಲ್ಲ ಮಾರಾಯ್ರೆ. ಗಾಜಿನ ಅಣುಗಳು ದ್ರವದ ಹಾಗೆ ಅಡ್ಡಾದಿಡ್ಡಿ ನಿಂತಿವೆ ನಿಜ, ಆದ್ರೆ ನಿಂತಿವೆ. ಬ್ರೆಜಿಲ್‌ನ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು, ಮಾಮೂಲಿ ಹವೆಯಲ್ಲಿ ಕಣ್ಣಿಗೆ ಕಾಣುವಷ್ಟು ಹರಿಯೋಕೆ ಬ್ರಹ್ಮಾಂಡದ ವಯಸ್ಸೂ ಸಾಲಲ್ಲ. ಹಳೇ ಗಾಜು ಮಾಡುವಾಗಲೇ ಏರುಪೇರು ಇರ್ತಿತ್ತು, ಇಂಗ್ಲೆಂಡಿನ ಪಿಲ್ಕಿಂಗ್ಟನ್ ಗಾಜಿನ ಕಂಪನಿಯವ್ರು ಕರಗಿದ ತವರದ ಮೇಲೆ ಗಾಜು ತೇಲಿಸೋ ವಿಧಾನವನ್ನ 1959ರಲ್ಲಿ ಪ್ರಕಟ ಮಾಡಿದ ಮೇಲೆ ಈ ಸಮತಟ್ಟು ಹಾಳೆ ಬಂದಿದ್ದು.

ಶರಾವತಿಯಿಂದ ಕರೆಂಟ್ ಹೊತ್ತು ಕಾಡು ದಾಟೋ ಲೈನುಗಳಲ್ಲಿ ಕಂದು ಬಣ್ಣದ ಪಿಂಗಾಣಿ ತಟ್ಟೆಗಳ ಸರ ನೇತಾಡ್ತಿರುತ್ತಲ್ಲ, ಅದರ ಗ್ಲೇಜೂ ಒತ್ತಡದಲ್ಲೇ ಇರೋದು, ಬರೀ ನೀರು ಜಾರಿಹೋಗ್ಲಿ ಅಂತ ಅಲ್ಲ, ಅದರಿಂದ ಪಿಂಗಾಣಿಯ ಶಕ್ತಿಯೇ ಏರುತ್ತೆ. ಅಡಿಯಲ್ಲಿರೋ ಮಡಿಕೆ ಮಡಿಕೆ ಅಂಚು ಎಷ್ಟೇ ಮಳೆ ಹೊಯ್ದ್ರೂ ಒಂದಷ್ಟು ದೂರ ಒಣಗಿರ್ಲಿ, ಕರೆಂಟ್ ನೀರಿನ ಮೇಲೆ ಹರಿದು ಬರದೆ ಇರ್ಲಿ ಅಂತ.

ಈ ಮಳೆಗಾಲಕ್ಕೆ ಮುಂಚೆ ಎರಡು ಕೆಲಸ ಮಾಡಿಡಿ. ಮನೆ ಕಟ್ಟಿಸೋರು ಕಿಟಕಿ ಗಾಜು ತಂದು ಒಂದಕ್ಕೊಂದು ಅಂಟಿಸಿ ಜಗಲಿಯಲ್ಲಿ ನಿಲ್ಲಿಸಿರ್ತೀರಿ, ನಡುವೆ ತೇವ ಸೇರಿದ್ರೆ ಗಾಜಿನ ಸೋಡಿಯಂ ಆ ಚೂರು ನೀರಿಗೆ ಇಳಿದು ಅದನ್ನ ಕ್ಷಾರ ಮಾಡುತ್ತೆ, ಹರಿದು ಹೋಗೋಕೆ ಜಾಗ ಇಲ್ಲದ ಆ ಕ್ಷಾರ ಗಾಜನ್ನೇ ತಿನ್ನುತ್ತೆ, ಕಾಮನಬಿಲ್ಲಿನ ಬಣ್ಣದ ಕಲೆ ಬೀಳುತ್ತೆ, ಆಮೇಲೆ ಮಂಜು ಮಂಜು, ಏನು ಹಾಕಿ ತಿಕ್ಕಿದ್ರೂ ಹೋಗಲ್ಲ. ಮಳೆ ನೇರ ಬೀಳೋ ಕಿಟಕಿಗೆ ಹೀಗಾಗಲ್ಲ, ಅಲ್ಲಿ ನೀರು ತೊಳ್ಕೊಂಡು ಹೋಗ್ತಾ ಇರುತ್ತೆ. ಹಾಳೆ ಹಾಳೆ ನಡುವೆ ಒಣ ಪೇಪರ್ ಇಟ್ಟು, ನೆಲದಿಂದ ಮೇಲೆ ಮರದ ಪಟ್ಟಿ ಮೇಲೆ ಓರೆ ನಿಲ್ಲಿಸಿ, ಗಾಳಿ ಆಡೋಕೆ ಬಿಡಿ. ಇನ್ನು ಕ್ಯಾಮರಾ ಲೆನ್ಸು, ದುರ್ಬೀನು ಇದ್ದೋರು ಬೀರುವಿನ ಬಟ್ಟೆ ನಡುವೆ ಇಡ್ಬೇಡಿ, ಬೂಷ್ಟು ಬಂದ್ರೆ ಅದು ಬಿಡೋ ಆಮ್ಲ ಲೆನ್ಸಿನ ಕೋಟಿಂಗನ್ನ, ಬಿಟ್ರೆ ಗಾಜನ್ನೂ ಕೊರೆಯುತ್ತೆ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಒಳಗೆ ತೇವ 40-50 ಪರ್ಸೆಂಟ್ ಇರೋ ಹಾಗೆ ನೋಡ್ಕೊಳ್ಳಿ, ಜೆಲ್ ಬಣ್ಣ ತಿರುಗಿದ್ರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಆರಿಸಿ ಮತ್ತೆ ಹಾಕಿ.